ಓಡದ ಬೈಕಿಗೆ ಓಡಿ ಬರುವ ಗಿರಾಕಿ

ಟ್ಯಾಂಕಿಗೆ ತುಕ್ಕು, ಎಂಜಿನ್ ಜಾಮ್, ಲೈಟಿಲ್ಲ, ಹಾರನ್ನಿಲ್ಲ. ಆದರೂ ಅರವತ್ತು ವರ್ಷದ ಹಿಂದಿನ ಪುಟ್ಟ ಇಟಾಲಿಯನ್ ಬೈಕಿಗೆ ಕೊಳ್ಳುವವರು ಕಾದು ನಿಂತಿರುತ್ತಾರೆ. 2026ಕ್ಕೆ ಡುಕಾಟಿ ಕಂಪನಿಗೆ ನೂರು ತುಂಬುತ್ತಿದೆ. ಅದರ ಹಳೆಯ ಕುಡಿಗಳನ್ನು ಮಾರುವ ಮನೆಗಳಲ್ಲಿ ಈಗ ಒಂದೇ ಪ್ರಶ್ನೆ: ರಿಪೇರಿ ಮಾಡಿಸಿ ಮಾರುವುದೋ, ಇದ್ದ ಹಾಗೇ ಮಾರುವುದೋ?

ಸೆಪ್ಟೆಂಬರ್ ತಿಂಗಳ ಒಂದು ಶನಿವಾರ. ಆಗಷ್ಟೇ ಬೆಳಕು ಹರಿದಿದೆ. ಉತ್ತರ ಇಟಲಿಯ ಇಮೋಲಾದಲ್ಲಿ ರೇಸ್ ಕಾರುಗಳು ಕಿವಿಗಡಚಿಕ್ಕುವಂತೆ ಹಾಯುವ ಟ್ರ್ಯಾಕಿನ ಆವರಣ ಇವತ್ತು ಸಂತೆಮಾಳ. ನೆಲದ ಮೇಲೆ ಟಾರ್ಪಾಲು. ಅದರ ಮೇಲೆ ಸೊಟ್ಟಗಾದ ಮಡ್‌ಗಾರ್ಡು, ಬಣ್ಣ ಕಳೆದುಕೊಂಡ ಟ್ಯಾಂಕು, ಗಾಜೊಡೆದ ಮೀಟರು, ಡಬ್ಬಿಗಟ್ಟಲೆ ನಟ್ಟು ಬೋಲ್ಟು. ಹಳೆಯ ಗಾಡಿಗಳ ಈ ಜಾತ್ರೆಗೆ ಅಲ್ಲಿಯವರು ‘ಮೋಸ್ತ್ರಾ ಸ್ಕಾಂಬಿಯೊ’ ಎನ್ನುತ್ತಾರೆ. ‘ಕ್ರಾಮೆ’ ಎಂಬ ಹಳೇ ವಾಹನಪ್ರಿಯರ ಸಂಘ ದಶಕಗಳಿಂದ ಇದನ್ನು ನಡೆಸಿಕೊಂಡು ಬಂದಿದೆ.

ಇಂಥ ಜಾತ್ರೆಯಲ್ಲಿ ಒಂದು ವ್ಯಾಪಾರ ಹೇಗೆ ಕುದುರುತ್ತದೆ ನೋಡಿ. ಮರದ ಪೆಟ್ಟಿಗೆಯ ಮೇಲೆ ಒಂದು ಸಣಕಲು ಬೈಕು ನಿಂತಿದೆ. ಹಿಂದಿನ ಟೈರು ಒಣಗಿ ಬಿರುಕು ಬಿಟ್ಟಿದೆ. ಸೀಟಿನ ರೆಕ್ಸಿನ್ ಹರಿದು ಸ್ಪಂಜು ಹೊರಬಂದಿದೆ. ಗಿರಾಕಿ ಬಂದವನೇ ಬಣ್ಣ ನೋಡುವುದಿಲ್ಲ, ಸೀಟು ಮುಟ್ಟುವುದಿಲ್ಲ. ಮಂಡಿಯೂರಿ ಕೂತು, ಚಿಂದಿ ಬಟ್ಟೆಗೆ ಒಂದಿಷ್ಟು ಪೆಟ್ರೋಲ್ ಹಚ್ಚಿಕೊಂಡು ಎಂಜಿನ್ನಿನ ಮೈ ಒರೆಸುತ್ತಾನೆ. ಅರ್ಧ ಶತಮಾನದ ಜಿಡ್ಡು ಕರಗಿ ಅಲ್ಯುಮಿನಿಯಂ ಕಾಣುತ್ತದೆ. ಅದರ ಮೇಲೆ ಮೊಳೆಯಲ್ಲಿ ಒತ್ತಿದಂಥ ಅಕ್ಷರಗಳು: ಡಿಎಂ 250, ಪಕ್ಕದಲ್ಲಿ ಎಂ 1.

“ಎಂಜಿನ್ ತಿರುಗುತ್ತಾ?”

“ತಿರುಗುತ್ತೆ. ಆದ್ರೆ ಸ್ಟಾರ್ಟ್ ಮಾಡಿ ಬಹಳ ವರ್ಷ ಆಯ್ತು. ನಾನು ಕಿಕ್ ಹೊಡೆಯೋಕೆ ಹೋಗಿಲ್ಲ, ನೀವೂ ಹೊಡೀಬೇಡಿ.”

ಆ ಕೊನೆಯ ಮಾತು ಕೇಳಿದ ಮೇಲೆ ಗಿರಾಕಿಯ ಮುಖ ಅರಳುತ್ತದೆ. ಮಾರುವವನಿಗೆ ಗಾಡಿಯ ಮರ್ಮ ಗೊತ್ತಿದೆ ಎಂಬುದು ಅವನಿಗೆ ಖಾತ್ರಿಯಾಗಿದೆ.

ಎಂ 1 ಎಂದರೆ ಮ್ಯಾಕ್ 1. ಡುಕಾಟಿ ಕಂಪನಿ 1964ರಲ್ಲಿ ಬಿಡುಗಡೆ ಮಾಡಿದ 250 ಸಿಸಿ ಬೈಕು. ಸರಿಯಾಗಿ ಅಳೆದರೆ 248.6 ಸಿಸಿ. ಒಂದೇ ಸಿಲಿಂಡರು, ಐದು ಗೇರು, 29 ಎಂಎಂ ಡೆಲೊರ್ಟೊ ಕಾರ್ಬುರೇಟರು, ತೂಕ 116 ಕಿಲೊ. ಗಂಟೆಗೆ ನೂರು ಮೈಲಿ, ಅಂದರೆ 160 ಕಿಲೋಮೀಟರ್ ದಾಟುತ್ತದೆಂದು ಕಂಪನಿ ಎದೆತಟ್ಟಿ ಹೇಳಿಕೊಂಡಿತ್ತು. 250 ಸಿಸಿಯ ರಸ್ತೆ ಬೈಕು ಅಷ್ಟು ಓಡುವುದು ಆ ಕಾಲಕ್ಕೆ ದೊಡ್ಡ ಸುದ್ದಿ. ಬದಲಾಗದ ಸ್ಥಿತಿಯಲ್ಲಿ ಉಳಿದಿರುವ ಮ್ಯಾಕ್ 1 ಗಾಡಿಗಳು ಈಗ ಕಡಿಮೆ. ಉಳಿದವುಗಳಲ್ಲೂ ಎಷ್ಟೋ ಇಂಥವೇ, ಯಾರದೋ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಮೂಟೆಗಳ ಸಂದಿಯಲ್ಲಿ ನಿಂತವು.

ರೇಡಿಯೊದಿಂದ ರಸ್ತೆಗೆ

ಡುಕಾಟಿ ಬೈಕಿನ ಕಂಪನಿಯಾಗಿ ಹುಟ್ಟಿದ್ದಲ್ಲ. 1926ರ ಜುಲೈ 4ರಂದು ಬೊಲೋನ್ಯಾ ನಗರದಲ್ಲಿ ಡುಕಾಟಿ ಮನೆತನದವರು ಕಟ್ಟಿದ್ದು ರೇಡಿಯೊ ಬಿಡಿಭಾಗಗಳ ಕಂಪನಿ. ಆದ್ರಿಯಾನೊ, ಮಾರ್ಚೆಲ್ಲೊ, ಬ್ರೂನೊ ಎಂಬ ಮೂವರು ಅಣ್ಣತಮ್ಮಂದಿರು ಕಂಡೆನ್ಸರ್ ಮಾಡಿ ಮಾರುತ್ತಿದ್ದರು. ಬೋರ್ಗೊ ಪಾನಿಗಾಲೆಯಲ್ಲಿ ಕಟ್ಟಿದ ಅವರ ದೊಡ್ಡ ಕಾರ್ಖಾನೆ 1944ರ ಅಕ್ಟೋಬರಿನ ಬಾಂಬ್ ದಾಳಿಯಲ್ಲಿ ನೆಲಸಮವಾಯಿತು.

ಯುದ್ಧ ಮುಗಿದಾಗ ಇಟಲಿಯ ಜನರ ಹತ್ತಿರ ದುಡ್ಡಿರಲಿಲ್ಲ, ಪೆಟ್ರೋಲ್ ಇರಲಿಲ್ಲ, ಆದರೆ ಕೆಲಸಕ್ಕೆ ಹೋಗಲೇಬೇಕಿತ್ತು. ಆಗ ಡುಕಾಟಿಯಿಂದ ಬಂದದ್ದು ‘ಕುಚ್ಚೋಲೊ’. ಹೆಸರಿನ ಅರ್ಥ ನಾಯಿಮರಿ. ಸೈಕಲ್ಲಿಗೆ ಜೋಡಿಸುವ 48 ಸಿಸಿಯ ಎಂಜಿನ್. ಇಟಲಿಯ ಪುಟ್ಟ ಬೈಕುಗಳ ಕಥೆಯನ್ನು ಇಲ್ಲಿಂದಲೇ ಓದಬೇಕು. ಅಲ್ಲಿ ಎಂಜಿನ್ ಚಿಕ್ಕದಾದದ್ದು ಬಡತನದಿಂದ. ವೇಗ ಬಂದದ್ದು ಆ ಚಿಕ್ಕ ಎಂಜಿನ್ನಿನಿಂದಲೇ ಹೆಚ್ಚು ಹಿಂಡಬೇಕೆಂಬ ಹಟದಿಂದ.

ಆ ಹಟಕ್ಕೆ ಒಂದು ಅಖಾಡವೂ ಸಿಕ್ಕಿತು. 1953ರಲ್ಲಿ ‘ಮೋಟೊಜೀರೊ ದಿತಾಲಿಯಾ’ ಶುರುವಾಯಿತು. ಹಲವು ದಿನಗಳ ಕಾಲ ಊರೂರು ದಾಟಿ, ಜನ ಓಡಾಡುವ ಮಾಮೂಲಿ ರಸ್ತೆಗಳಲ್ಲೇ ದೇಶ ಸುತ್ತುವ ಬೈಕ್ ರೇಸು. 175 ಸಿಸಿಗಿಂತ ದೊಡ್ಡ ಎಂಜಿನ್ನಿಗೆ ಅಲ್ಲಿ ಜಾಗವಿರಲಿಲ್ಲ. ಮೊದಲ ವರ್ಷ ಗೆದ್ದದ್ದು ಬೆನೆಲ್ಲಿಯ 125 ಸಿಸಿ ‘ಲಿಯೊಂಚೀನೊ’ ಹತ್ತಿದ್ದ ಲಿಯೊಪೋಲ್ದೊ ತಾರ್ತಾರೀನಿ. ಭಾನುವಾರ ರೇಸಿನಲ್ಲಿ ಗೆದ್ದ ಮಾದರಿಯನ್ನು ಸೋಮವಾರ ಅಂಗಡಿಯಲ್ಲಿ ಕೇಳುವ ಹುಡುಗರಿದ್ದರು. ಕಂಪನಿಗಳು ಒಂದರ ಮೇಲೊಂದು ಬಿದ್ದು 100, 125, 175 ಸಿಸಿಯ ಸ್ಪೋರ್ಟ್ ಬೈಕುಗಳನ್ನು ಮಾಡಿದವು.

ಡುಕಾಟಿಯ ಅದೃಷ್ಟ ತೆರೆದದ್ದು 1954ರ ಮೇ 1ರಂದು. ಆ ದಿನ ಕೆಲಸಕ್ಕೆ ಸೇರಿದ ಎಂಜಿನಿಯರ್ ಫಾಬಿಯೊ ತಾಲ್ಯೋನಿ ಇಮೋಲಾಕ್ಕೆ ಹತ್ತಿರದ ಲೂಗೊ ಊರಿನವರು. ಅವರ ಮೊದಲ ದೊಡ್ಡ ಕೆಲಸ 100 ಸಿಸಿ ವರ್ಗದ ‘ಗ್ರಾನ್ ಸ್ಪೋರ್ಟ್’. ಪೋಪ್ ಹನ್ನೆರಡನೇ ಪಿಯುಸ್ 1954ನ್ನು ಮೇರಿ ಮಾತೆಯ ವರ್ಷವೆಂದು ಸಾರಿದ್ದರು. ಹಾಗಾಗಿ ಕಾರ್ಖಾನೆಯವರು ಬೈಕಿಗೆ ‘ಮರಿಯಾನ್ನಾ’ ಎಂದು ಪ್ರೀತಿಯ ಹೆಸರಿಟ್ಟರು. 1955ರ ಮೋಟೊಜೀರೊದಲ್ಲಿ ಜಾನ್ನಿ ದೆಲಿ ಆಂತೋನಿ ಇದೇ ಬೈಕಿನಲ್ಲಿ ತನ್ನ ವರ್ಗದ ರೇಸು ಗೆದ್ದ.

ಮರಿಯಾನ್ನಾದ ಎಂಜಿನ್ನಿನ ನಕ್ಷೆಯೇ ಮುಂದೆ 175 ಆಯಿತು, 200 ಆಯಿತು, ಮ್ಯಾಕ್ 1 ಆಯಿತು, 1974ರ ತನಕ ಬಂದ ಸಿಂಗಲ್ ಸಿಲಿಂಡರ್ ಬೈಕುಗಳಿಗೆ ಬುನಾದಿಯಾಯಿತು. ಅದರ ಗಟ್ಟಿತನಕ್ಕೆ ಸಾಕ್ಷಿ ಬೇಕೆಂದು ಕಂಪನಿ 1957ರ ಸೆಪ್ಟೆಂಬರಿನಲ್ಲಿ ತಾರ್ತಾರೀನಿ ಮತ್ತು ಜಾರ್ಜೊ ಮೊನೆತ್ತಿಯನ್ನು ಎರಡು 175 ಸಿಸಿ ಬೈಕು ಕೊಟ್ಟು ಭೂಪ್ರದಕ್ಷಿಣೆಗೆ ಕಳಿಸಿತು. ಸುಮಾರು 60,000 ಕಿಲೋಮೀಟರ್ ಸುತ್ತಿ ಮರುವರ್ಷ ಸೆಪ್ಟೆಂಬರಿನಲ್ಲಿ ಇಬ್ಬರೂ ಬೊಲೋನ್ಯಾಕ್ಕೆ ಮರಳಿದರು.

ಅಷ್ಟರಲ್ಲಿ ಅಖಾಡವೇ ಮುಚ್ಚಿತ್ತು. 1957ರ ಮೇ 12ರಂದು ‘ಮಿಲ್ಲೆ ಮಿಲ್ಯಾ’ ಕಾರ್ ರೇಸಿನಲ್ಲಿ ಗುಯಿದಿತ್ಸೋಲೊ ಹಳ್ಳಿಯ ಬಳಿ ಫೆರಾರಿ ಕಾರೊಂದು ಟೈರು ಸಿಡಿದು ಜನರ ಮೇಲೆ ನುಗ್ಗಿತು. ಕಾರಿನಲ್ಲಿದ್ದ ಇಬ್ಬರು, ನೋಡಲು ನಿಂತಿದ್ದ ಒಂಬತ್ತು ಜನ ಸತ್ತರು. ಸತ್ತವರಲ್ಲಿ ಐದು ಮಕ್ಕಳು. ಸಾರ್ವಜನಿಕ ರಸ್ತೆಯ ರೇಸುಗಳಿಗೆ ಸರ್ಕಾರ ತೆರೆ ಎಳೆಯಿತು, ಮೋಟೊಜೀರೊ ಕೂಡ ನಿಂತಿತು. 2001ರಲ್ಲಿ ಅದು ಹಳೆಯ ಬೈಕುಗಳ ನೆನಪಿನ ಸವಾರಿಯಾಗಿ ಮತ್ತೆ ಬಂತು. ರೇಸಿನ ಕಾಲದ 175 ಸಿಸಿಯೊಳಗಿನ ಗಾಡಿಗಳಿಗೆ ಅಲ್ಲಿ ಮೊದಲ ಮಣೆ. ಕೊಟ್ಟಿಗೆಯಲ್ಲಿ ಕೊಳೆಯುತ್ತಿದ್ದ ಸಣ್ಣ ಗಾಡಿಗಳಿಗೆ ಬೆಲೆ ಬರಲು ಇದೂ ಒಂದು ಮುಖ್ಯ ಕಾರಣ. ಶೋಕೇಸಿನಲ್ಲಿಡುವ ವಸ್ತುವಿಗಿಂತ ಓಡಿಸಲು ಒಂದು ದಾರಿಯಿರುವ ವಸ್ತುವಿಗೆ ಗಿರಾಕಿ ಹೆಚ್ಚು.

---
ಇವೂ ಆ ಕಾಲದವೇ

ಎಂವಿ ಅಗುಸ್ತಾ 175 ಸಿಎಸ್‌ಎಸ್: ಅಗಲವಾಗಿ ಚಾಚಿದ ಟ್ಯಾಂಕಿನ ಆಕಾರದಿಂದಾಗಿ ‘ಡಿಸ್ಕೊ ವೊಲಾಂತೆ’, ಅಂದರೆ ಹಾರುವ ತಟ್ಟೆ ಎಂದೇ ಹೆಸರಾಯಿತು.

ಮೋಟೊ ಮೊರೀನಿ 175: ‘ಸೆತ್ತೆಬೆಲ್ಲೊ’, ‘ತ್ರೆಸೆತ್ತೆ’, ‘ಬ್ರಿಸ್ಕೊಲಾ’. ಮೂರೂ ಇಟಲಿಯ ಇಸ್ಪೀಟಾಟದಿಂದ ಬಂದ ಹೆಸರುಗಳು.

ಮೊಂಡಿಯಾಲ್: 1949, 1950, 1951, ಸತತ ಮೂರು ವರ್ಷ 125 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಪುಟ್ಟ ಕಂಪನಿ.

ಏರ್‌ಮಾಕಿ: ವಿಮಾನ ಮಾಡುತ್ತಿದ್ದವರು ಮಾಡಿದ ಬೈಕು, ಸಿಲಿಂಡರು ಅಡ್ಡಡ್ಡ ಮಲಗಿರುತ್ತದೆ. 1960ರಲ್ಲಿ ಇದರ ಬೈಕ್ ವಿಭಾಗದ ಅರ್ಧ ಪಾಲನ್ನು ಹಾರ್ಲೆ ಡೇವಿಡ್‌ಸನ್ ಕೊಂಡಿತು.

---

ಕಿಕ್ ಹೊಡೆಯಬೇಡಿ

ಮಾರುವವರಲ್ಲಿ ಹೆಚ್ಚಿನವರು ವ್ಯಾಪಾರಿಗಳಲ್ಲ. ಅಪ್ಪ ತೀರಿಕೊಂಡ ಮೇಲೆ ಕೊಟ್ಟಿಗೆ ಖಾಲಿ ಮಾಡಲು ಬಂದ ಮಕ್ಕಳು. ಮನೆ ಮಾರಿ ಫ್ಲ್ಯಾಟಿಗೆ ಹೋಗುವ ವೃದ್ಧ ದಂಪತಿ. ಇಂದಲ್ಲ ನಾಳೆ ರಿಪೇರಿ ಮಾಡಿಸುತ್ತೇನೆಂದು ಇಟ್ಟುಕೊಂಡು, ಮಂಡಿ ನೋವು ಬಂದ ಮೇಲೆ ಆಸೆ ಬಿಟ್ಟವರು. ಅವರಿಗೆ ಗಾಡಿಯ ಮೇಲೆ ಮಮತೆ ಇದೆ, ಮಾಹಿತಿ ಇಲ್ಲ. ಕೊಳ್ಳುವವನಿಗೆ ಎರಡೂ ಇವೆ.

ಇಂಥವರಿಗೆ ಮೊದಲು ಹೊಳೆಯುವುದು, ಒಮ್ಮೆ ಸ್ಟಾರ್ಟ್ ಮಾಡಿ ತೋರಿಸಿದರೆ ರೇಟು ಏರುತ್ತದೆ ಎಂಬ ಯೋಚನೆ. ಹೊಸ ಪ್ಲಗ್ ಹಾಕಿ, ಟ್ಯಾಂಕಿಗೆ ಒಂದು ಲೀಟರ್ ಪೆಟ್ರೋಲ್ ಸುರಿದು, ನಾಲ್ಕು ಕಿಕ್. ಹಳೇ ಡುಕಾಟಿಯಲ್ಲಿ ಇದಕ್ಕಿಂತ ದುಬಾರಿ ತಪ್ಪು ಬೇರೊಂದಿಲ್ಲ. ಯಾಕೆಂದು ಕೊಂಚ ವಿವರವಾಗಿಯೇ ಹೇಳಬೇಕು.

ಈ ಎಂಜಿನ್ನಿಗೆ ಇಂದಿನ ಹಾಗೆ ಪೇಪರ್ ಆಯಿಲ್ ಫಿಲ್ಟರ್ ಇಲ್ಲ. ಒಂದು ಜಾಲರಿ ಅಷ್ಟೆ. ಜಾಲರಿಯಲ್ಲಿ ನಿಲ್ಲದ ನುಣ್ಣನೆಯ ಮಡ್ಡಿ ತಂಗಲೆಂದೇ ಕ್ರ್ಯಾಂಕಿನೊಳಗೆ ಆಯಿಲ್ ಹಾಯುವ ದಾರಿಯಲ್ಲಿ ಪುಟ್ಟದೊಂದು ಪೊಟರೆ ಮಾಡಿದ್ದಾರೆ. ಎಂಜಿನ್ ಪೂರಾ ಬಿಚ್ಚಿ, ಕ್ರ್ಯಾಂಕ್ ಕೈಗೆ ತೆಗೆದುಕೊಂಡು, ಬಿರಡೆ ಬಿಚ್ಚಿದರೆ ಮಾತ್ರ ಅದನ್ನು ತೊಳೆಯಲು ಸಾಧ್ಯ. ಗಾಡಿ ಓಡುತ್ತಿದ್ದ ಕಾಲದಲ್ಲೇ ಎಷ್ಟೋ ಜನ ಅದನ್ನು ತೊಳೆದಿರುವುದಿಲ್ಲ. ದಶಕಗಟ್ಟಲೆ ನಿಂತ ಮೇಲೆ ಆ ಮಡ್ಡಿ ಗಟ್ಟಿಯಾಗಿ ಕಲ್ಲಾಗಿರುತ್ತದೆ. ಹೊಸ ಆಯಿಲ್ ಸುರಿದು ಸ್ಟಾರ್ಟ್ ಮಾಡಿದಿರೋ, ಚೂರು ಎದ್ದು ದಾರಿ ಕಟ್ಟುತ್ತದೆ. ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗಿಗೆ ಆಯಿಲ್ ಹೋಗುವುದಿಲ್ಲ. ಎಂಜಿನ್ ಚೆನ್ನಾಗಿಯೇ ಗುಡುಗುತ್ತದೆ, ಮಾರುವವನಿಗೆ ಖುಷಿಯೋ ಖುಷಿ. ಕೆಲವೇ ನಿಮಿಷಗಳಲ್ಲಿ ಒಳಗೆ ಬೇರಿಂಗು ಸುಟ್ಟುಹೋಗಿರುತ್ತದೆ. ಸ್ವಲ್ಪ ರಿಪೇರಿಯಲ್ಲಿ ಮುಗಿಯುತ್ತಿದ್ದ ಗಾಡಿಗೆ ಈಗ ಹೊಸ ರಾಡು, ಪಿನ್ನು, ಕ್ರ್ಯಾಂಕ್ ಕೆಲಸ.

ಇನ್ನು ವಾಲ್ವ್ ಕಡೆಗೆ ಬನ್ನಿ. ನಮ್ಮ ಮಾಮೂಲಿ ಬೈಕಿನಲ್ಲಿ ಟೈಮಿಂಗ್ ಚೈನು ಮಾಡುವ ಕೆಲಸವನ್ನು ಇಲ್ಲಿ ಸಿಲಿಂಡರಿನ ಪಕ್ಕ ನೆಟ್ಟಗೆ ನಿಂತ ಶಾಫ್ಟು ಮಾಡುತ್ತದೆ. ಅದರ ಎರಡೂ ತುದಿಗೆ ಓರೆಹಲ್ಲಿನ ಬೆವೆಲ್ ಗೇರು. ತಾಲ್ಯೋನಿಯ ಕೈಗುಣವೆಲ್ಲ ಇಲ್ಲಿದೆ. ಈ ಹಲ್ಲುಗಳ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಕೂಡಬೇಕು. ಅದನ್ನು ಕೂಡಿಸುವುದು ಶಿಮ್ ಎಂಬ ಕಾಗದದಷ್ಟು ತೆಳುವಾದ ವಾಷರುಗಳಿಂದ. ಎಂಜಿನ್ ಬಿಚ್ಚಿದವನು ಆ ವಾಷರುಗಳನ್ನು ಎಲ್ಲಿಂದ ತೆಗೆದೆ ಎಂದು ಗುರುತಿಡದೆ ಒಂದೇ ಡಬ್ಬಿಗೆ ಹಾಕಿದರೆ, ಜೋಡಿಸುವವನಿಗೆ ವಾರಗಟ್ಟಲೆ ಕೆಲಸ. ಅರ್ಧ ಬಿಚ್ಚಿದ ಡುಕಾಟಿಗಿಂತ ಮುಟ್ಟದೆ ಬಿಟ್ಟ ಡುಕಾಟಿಗೆ ಜಾತ್ರೆಯಲ್ಲಿ ಹೆಚ್ಚು ಬೆಲೆ ಬರುವುದು ಇದಕ್ಕೇ.

ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದ್ದರೆ? ಬಡಿಯಬಾರದು, ಕಿಕ್ಕರ್ ಮೇಲೆ ಹತ್ತಿ ನಿಲ್ಲಬಾರದು. ಪ್ಲಗ್ ತೆಗೆದು ಆ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕಿ, ದಿನಗಟ್ಟಲೆ ಬಿಟ್ಟು, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ನಿಧಾನಕ್ಕೆ ಹಿಂದೆ ಮುಂದೆ ಆಡಿಸಬೇಕು. ಬಿಟ್ಟರೆ ಒಳ್ಳೆಯದು. ಬಿಡದಿದ್ದರೆ ‘ಬಿಟ್ಟಿಲ್ಲ’ ಎಂದು ಹೇಳಿ ಮಾರಿದರಾಯಿತು. ಈ ಗಾಡಿ ಕೊಳ್ಳುವವನು ಹೇಗೂ ಎಂಜಿನ್ ಬಿಚ್ಚುತ್ತಾನೆ.

ಬಣ್ಣ ಬಳಿದರೆ ಬೆಲೆ ಇಳಿಯುತ್ತದೆ

ಎರಡನೇ ಆಸೆ ಬಣ್ಣದ್ದು. ಟ್ಯಾಂಕಿಗೆ ಪೇಂಟು, ಹ್ಯಾಂಡಲಿಗೆ ಕ್ರೋಮು, ಹೊಸ ಸೀಟು. ನಮ್ಮೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇದು ನಡೆಯುತ್ತದೆ. ಹಳೇ ಇಟಾಲಿಯನ್ ಬೈಕಿನಲ್ಲಿ ಉಲ್ಟಾ.

ಕಾರ್ಖಾನೆಯಲ್ಲಿ ಬಳಿದ ಬಣ್ಣ ಎಷ್ಟೇ ಮಾಸಿದ್ದರೂ ಅದು ದಾಖಲೆ. ಯಾವ ಭಾಗಕ್ಕೆ ಯಾವ ಬಣ್ಣವಿತ್ತು, ಗೆರೆ ಎಲ್ಲಿ ತಿರುಗುತ್ತಿತ್ತು, ಸ್ಟಿಕ್ಕರು ಎಲ್ಲಿತ್ತು ಎಂದು ತಿಳಿಯುವುದು ಅದರಿಂದಲೇ. ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ಅದೂ ಅಲ್ಲದೆ ಹೊಸ ಬಣ್ಣ ಕಂಡ ಕೂಡಲೇ ತಿಳಿದ ಗಿರಾಕಿಗೆ ಅನುಮಾನ ಹುಟ್ಟುತ್ತದೆ: ಕೆಳಗೆ ಏನು ಮುಚ್ಚಿದ್ದಾರೆ? ಬೆಸುಗೆಯೋ, ಬಿರುಕೋ, ತಿದ್ದಿದ ನಂಬರೋ?

ತಿದ್ದಿದ ನಂಬರಿನ ಅನುಮಾನ ಸುಮ್ಮನೆ ಬಂದದ್ದಲ್ಲ. ಮ್ಯಾಕ್ 1 ಮತ್ತು ಅದೇ ಕಾಲದ ಸಾಧಾರಣ 250 ಸಿಸಿ ಡುಕಾಟಿಗಳು ನೋಡಲು ಒಂದೇ ಕುಟುಂಬದವು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹೀಗಾಗಿ ಸಾಧಾರಣ ಗಾಡಿಗೆ ಮ್ಯಾಕ್ 1ರ ವೇಷ ಹಾಕಿ ಮಾರಿದ ಉದಾಹರಣೆಗಳು ಬಹಳ. ಅದೇ ವಿನ್ಯಾಸವನ್ನು ಸ್ಪೇನಿನ ಬಾರ್ಸಿಲೋನಾದ ‘ಮೋಟೋಟ್ರಾನ್ಸ್’ ಕಂಪನಿ ಲೈಸೆನ್ಸ್ ಪಡೆದು ಮಾಡುತ್ತಿತ್ತು. ಅಲ್ಲಿನ ಭಾಗ ಇಲ್ಲಿಗೆ, ಇಲ್ಲಿನದು ಅಲ್ಲಿಗೆ ಸೇರಿರುವ ಗಾಡಿಗಳೂ ಉಂಟು. ಇಮೋಲಾದ ಗಿರಾಕಿ ಬಣ್ಣ ಬಿಟ್ಟು ಮೊದಲು ಜಿಡ್ಡು ಒರೆಸಿ ನಂಬರ್ ನೋಡಿದ್ದು ಇದಕ್ಕಾಗಿಯೇ. ಜಿಡ್ಡಿನಡಿಯಲ್ಲಿ ತಣ್ಣಗೆ ಕೂತಿದ್ದ ನಂಬರನ್ನು ಇತ್ತೀಚೆಗೆ ಯಾರೂ ತಿದ್ದಿಲ್ಲ ಎಂಬ ಧೈರ್ಯವನ್ನು ಯಾವ ಹೊಸ ಬಣ್ಣವೂ ಕೊಡಲಾರದು.

ಹಾಳಾದ ಗಾಡಿಗೆ ಹಾಳಾದ ಸ್ಥಿತಿಯಲ್ಲೇ ಎಂಥ ಬೆಲೆ ಬರಬಹುದೆಂಬುದನ್ನು ಜಗತ್ತು ಕಣ್ಣಾರೆ ಕಂಡದ್ದು 2016ರ ಏಪ್ರಿಲ್‌ನಲ್ಲಿ. ಅದು ಇಟಾಲಿಯನ್ ಬೈಕಲ್ಲ, ಪುಟ್ಟ ಬೈಕೂ ಅಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಬಾಡ್ಮಿನ್ ಮೂರ್ ಎಂಬಲ್ಲಿ ದಶಕಗಳಿಂದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಎಂಟು ಬ್ರಫ್ ಸುಪೀರಿಯರ್ ಬೈಕುಗಳು. ಕೆಲವಂತೂ ಬರೀ ತುಂಡುಗಳ ರಾಶಿ. ಬಾನಮ್ಸ್ ಹರಾಜು ಕಂಪನಿ ಧೂಳನ್ನೂ ಒರೆಸದಂತೆ ತಂದು ಸ್ಟಾಫರ್ಡ್ ಹರಾಜಿಗಿಟ್ಟಿತು. ಎಂಟೂ ಸೇರಿ 7,52,625 ಪೌಂಡಿಗೆ ಹೋದವು. ಅಂದಿನಿಂದ ಹರಾಜಿನ ಮನೆಗಳಲ್ಲಿ ‘ಸಿಕ್ಕ ಹಾಗೇ’ ಎಂಬುದು ಕೊರತೆಯಾಗಿ ಕಾಣದೆ ಗುಣವಾಗಿ ಕಾಣತೊಡಗಿದೆ.

ಹಾಗೆಂದು ಪ್ರತಿಯೊಬ್ಬರೂ ಹರಾಜಿಗೆ ಓಡಬೇಕಾಗಿಲ್ಲ. ಮಾರುವವರಿಂದ ಕಮಿಷನ್, ಕೊಳ್ಳುವವರಿಂದ ಪ್ರೀಮಿಯಂ, ಸಾಗಣೆ ಖರ್ಚು ಎಲ್ಲ ಕಳೆದರೆ 125 ಸಿಸಿಯ ಗಾಡಿಗೆ ಉಳಿಯುವುದು ಅಷ್ಟಕ್ಕಷ್ಟೆ. ಆ ಮಾದರಿಯನ್ನೇ ಓಡಿಸುವವರ ಕ್ಲಬ್ಬಿಗೆ ಒಂದು ಮಾತು ಹೇಳಿ ಕಾಯುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ದಾರಿ. ಹರಾಜು ಬೆಲೆ ತರುತ್ತದೆ, ಕ್ಲಬ್ಬು ಸರಿಯಾದ ಮನೆ ತರುತ್ತದೆ.

---
ಪ್ರಾಮಾಣಿಕ ಜಾಹೀರಾತು ಹೀಗಿರಬಹುದು

“1965ರ 250 ಸಿಸಿ ಡುಕಾಟಿ. ಎಂಜಿನ್ ಕೈಯಲ್ಲಿ ತಿರುಗುತ್ತದೆ, ಸ್ಟಾರ್ಟ್ ಮಾಡಿ ನೋಡಿಲ್ಲ. ಒಳಗಿನ ಸ್ಥಿತಿ ಗೊತ್ತಿಲ್ಲ. ಟ್ಯಾಂಕ್ ಒಳಗೆ ತುಕ್ಕು, ಬಲಗಡೆ ಒಂದು ತಗ್ಗು. ಸೈಲೆನ್ಸರ್ ಒರಿಜಿನಲ್ ಅಲ್ಲ. ಕಾರ್ಬುರೇಟರ್ ಒರಿಜಿನಲ್, ಆದರೆ ಜಾಮ್ ಆಗಿದೆ. ವೈರಿಂಗ್ ಪೂರಾ ಹೊಸದಾಗಬೇಕು. ಬಣ್ಣ ಕಾರ್ಖಾನೆಯದು. ಪುಸ್ತಕ ಮತ್ತು ನಂಬರ್ ಪ್ಲೇಟ್ ಇವೆ. ಫ್ರೇಮ್ ನಂಬರಿನ ಫೋಟೊ ಕೇಳಿದರೆ ಕಳಿಸುತ್ತೇನೆ. ಬಂದು ನೋಡಿ, ಮೆಕ್ಯಾನಿಕ್ ಕರೆತನ್ನಿ. ಬಿಡಿಭಾಗ ಬೇರೆ ಮಾಡಿ ಕೊಡುವುದಿಲ್ಲ.”

---

ಪುಸ್ತಕ ಇದ್ದರೆ ಬೈಕು

ಇಟಲಿಯಲ್ಲಿ ಗಾಡಿಯ ಮಾಲೀಕತ್ವ ದಾಖಲಾಗುವುದು ‘ಪಿಆರ್‌ಎ’ ಎಂಬ ಸಾರ್ವಜನಿಕ ದಫ್ತರಿನಲ್ಲಿ. 1927ರಿಂದ ಇರುವ ವ್ಯವಸ್ಥೆ. ನಮ್ಮ ಆರ್‌ಸಿ ಇದ್ದ ಹಾಗೆ ಆ ಕಾಲದ ಗಾಡಿಗಳಿಗೆ ‘ಲಿಬ್ರೆತ್ತೊ’ ಎಂಬ ಚಿಕ್ಕ ಪುಸ್ತಕವಿತ್ತು. ಜೊತೆಗೆ ಮೊದಲ ದಿನ ಕೊಟ್ಟ ನಂಬರ್ ಪ್ಲೇಟು. ಇವೆರಡೂ ಉಳಿದಿದ್ದರೆ ತುಕ್ಕು ಹಿಡಿದ ಗಾಡಿಗೂ ಗೌರವ. ಪುಸ್ತಕ ಕಳೆದಿದ್ದರೆ, ಅಥವಾ ಯಾರೋ ತೆರಿಗೆ ತಪ್ಪಿಸಲು ದಫ್ತರಿನಿಂದ ಹೆಸರು ತೆಗೆಸಿದ್ದರೆ, ರಸ್ತೆಗೆ ತರಲು ಕಚೇರಿ ಕಚೇರಿ ಅಲೆಯಬೇಕು. ‘ಎಎಸ್‌ಐ’ ಅಥವಾ ‘ಎಫ್‌ಎಂಐ’ ಎಂಬ ಸಂಸ್ಥೆಗಳಿಂದ ಇದು ಚಾರಿತ್ರಿಕ ವಾಹನ ಎಂಬ ಪ್ರಮಾಣಪತ್ರ ಪಡೆದು, ತಪಾಸಣೆ ಮುಗಿಸಿ, ಮತ್ತೆ ನೋಂದಾಯಿಸಬೇಕು.

ಹೊರದೇಶದವರಿಗೆ ಮಾರುವುದಾದರೆ ಇನ್ನೊಂದು ತೊಡಕು. 75 ವರ್ಷ ದಾಟಿದ ವಾಹನ ಇಟಲಿಯಲ್ಲಿ ಸಾಂಸ್ಕೃತಿಕ ಸ್ವತ್ತಿನ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಅನುಮತಿಯಿಲ್ಲದೆ ಗಡಿ ದಾಟಿಸುವಂತಿಲ್ಲ. 1950ರ ದಶಕದ ಆರಂಭದ ಪುಟ್ಟ ಬೈಕುಗಳು ಈಗ ಒಂದೊಂದಾಗಿ ಆ ಗೆರೆ ದಾಟುತ್ತಿವೆ. ಒಂದು ದೇಶ ತನ್ನ 98 ಸಿಸಿಯ ಬೈಕನ್ನೂ ಹಳೆಯ ಚಿತ್ರಪಟ, ಶಿಲ್ಪಗಳ ಜೊತೆ ಒಂದೇ ಕಾನೂನಿನಡಿ ಕಾಯುತ್ತದೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಕತ್ತರಿಗೆ ಸಿಕ್ಕಿ ಸಾಯುವ ಗಾಡಿಗಳು

ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅಪರೂಪದ ಪುಟ್ಟ ಬೈಕಿಗೆ ತುಕ್ಕು ಶತ್ರುವಲ್ಲ. ಬಿಡಿಭಾಗದ ವ್ಯಾಪಾರವೇ ಅದರ ಶತ್ರು.

ಲೆಕ್ಕ ಸರಳ. ಮ್ಯಾಕ್ 1ರ ಡೆಲೊರ್ಟೊ ಎಸ್‌ಎಸ್‌ಐ ಕಾರ್ಬುರೇಟರ್ ಈಗ ಸಿಗುವುದೇ ಕಷ್ಟ. ವೇಲ್ಯಾ ಮೀಟರು, ಬೊರಾನಿ ರಿಮ್ಮು, ಸಿಲೆಂಟಿಯಂ ಸೈಲೆನ್ಸರು, ಸಿಇವಿ ಲೈಟು, ಒರಿಜಿನಲ್ ಟ್ಯಾಂಕು, ಪ್ರತಿಯೊಂದಕ್ಕೂ ಬೇರೆ ಬೇರೆ ಗಿರಾಕಿಗಳಿದ್ದಾರೆ. ಓಡದ, ಪುಸ್ತಕವಿಲ್ಲದ ಗಾಡಿಯನ್ನು ಇಡಿಯಾಗಿ ಮಾರಿದರೆ ಬರುವುದಕ್ಕಿಂತ ಬಿಚ್ಚಿ ಮಾರಿದರೆ ಹೆಚ್ಚು ಬರಬಹುದು. ಚಾಣಾಕ್ಷ ವ್ಯಾಪಾರಿ ತಂದೆಯ ಗಾಡಿ ಮಾರಲು ಬಂದ ಮಗನಿಂದ ಕಡಿಮೆಗೆ ಕೊಂಡು, ಸಂಜೆಯೊಳಗೆ ಅದನ್ನು ಹತ್ತಾರು ತುಂಡು ಮಾಡಿ ಹತ್ತಾರು ಊರಿಗೆ ಕಳಿಸುತ್ತಾನೆ. ದೊಡ್ಡ ಸಿಸಿಯ ಹೆಸರಾಂತ ಗಾಡಿಗಳಿಗೆ ಈ ಗತಿ ಅಷ್ಟಾಗಿ ಬರುವುದಿಲ್ಲ, ಅವು ಇಡಿಯಾಗಿಯೇ ದುಬಾರಿ. ಕೊಯ್ಲಿಗೆ ಸಿಗುವುದು 125, 175, 250ಗಳೇ.

ಆ ತುಂಡುಗಳಿಂದ ಇನ್ನೆಲ್ಲೋ ಇನ್ನೊಂದು ಬೈಕು ಓಡುತ್ತದೆ ನಿಜ. ಬಿದ್ದು ಫ್ರೇಮು ಮುರಿದ, ಕ್ರ್ಯಾಂಕ್‌ಕೇಸ್ ಒಡೆದ ಗಾಡಿಯನ್ನು ಬಿಚ್ಚಿದರೆ ನನ್ನ ತಕರಾರಿಲ್ಲ. ಎಂಜಿನ್ನು, ಫ್ರೇಮು, ಟ್ಯಾಂಕು ಮೂರೂ ಹುಟ್ಟಿದಾಗಿನಿಂದ ಒಟ್ಟಿಗಿರುವ ಗಾಡಿಯನ್ನು ಬಿಚ್ಚುವುದು ಮಾತ್ರ ಸರಿಯಲ್ಲ. ಅಂಥ ಗಾಡಿ ಇನ್ನೊಂದು ಹುಟ್ಟುವುದಿಲ್ಲ. ಬಿಡಿಭಾಗವನ್ನು ಹೊಸದಾಗಿ ಎರಕ ಹೊಯ್ದು ಮಾಡುವ ಪುಟ್ಟ ಕಾರ್ಖಾನೆಗಳು ಇಟಲಿಯಲ್ಲೂ ಇಂಗ್ಲೆಂಡಿನಲ್ಲೂ ಇವೆ. ಬೆಸೆದುಕೊಂಡೇ ಅರವತ್ತು ವರ್ಷ ಕಳೆದ ಗಾಡಿಯನ್ನು ಅವು ಮಾಡಿಕೊಡಲಾರವು.

ಆದ್ದರಿಂದ ಮಾರುವವರು ಸ್ವಲ್ಪ ತಾಳ್ಮೆ ವಹಿಸಬೇಕು. ಮೊದಲು ಬಂದವನಿಗೆ ಕೊಡಬೇಡಿ. ‘ತಗೊಂಡು ಏನು ಮಾಡ್ತೀರಿ?’ ಎಂದು ಕೇಳಿ. ಎಂಜಿನ್ ಯಾರ ಹತ್ತಿರ ಮಾಡಿಸುತ್ತೀರಿ ಎಂದು ಕೇಳಿ. ಗಾಡಿ ಉಳಿಸಲು ಬಂದವನು ಈ ಪ್ರಶ್ನೆಗಳಿಗೆ ಗಂಟೆಗಟ್ಟಲೆ ಉತ್ತರ ಹೇಳುತ್ತಾನೆ. ಬಿಚ್ಚಲು ಬಂದವನು ಗಡಿಬಿಡಿ ಮಾಡುತ್ತಾನೆ.

ನಮ್ಮ ಹಿತ್ತಿಲಲ್ಲಿ

ಮ್ಯಾಕ್ 1 ನಮ್ಮ ರಸ್ತೆಗಳ ಗಾಡಿಯಲ್ಲ. ಆದರೆ ಇಟಲಿಯ ಆ ಕಾಲದ ಸಣ್ಣ ಎಂಜಿನ್ನಿನ ಬಳಗ ನಮಗೆ ಪರಿಚಿತವೇ. ಲ್ಯಾಂಬ್ರೆಟಾ ಮುಂಬೈಯಲ್ಲಿ ತಯಾರಾಯಿತು. ಮಿಲಾನಿನ ಇನೊಚೆಂತಿ ಕಾರ್ಖಾನೆಯ ಯಂತ್ರಗಳನ್ನೇ ಕೊಂಡು 1970ರ ದಶಕದಲ್ಲಿ ಲಖನೌದ ಸ್ಕೂಟರ್ಸ್ ಇಂಡಿಯಾ ಶುರುವಾಯಿತು. ಬಜಾಜ್ ಚೇತಕ್ ಬಿಚ್ಚಿದವರಿಗೆ ಅದರ ಕಾರ್ಬುರೇಟರಿನ ಮೇಲಿನ ‘ಸ್ಪಾಕೊ’ ಹೆಸರು ನೆನಪಿರಬಹುದು. ಡೆಲೊರ್ಟೊ ವಿನ್ಯಾಸವನ್ನೇ ಇಲ್ಲಿ ಮಾಡುತ್ತಿದ್ದ ಕಂಪನಿ ಅದು.

ಇನ್ನು ಮೈಸೂರಿನ ಐಡಿಯಲ್ ಜಾವಾ. ಅದು ಚೆಕ್ ದೇಶದ ಸಂತಾನ. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಎಷ್ಟೋ ಜಾವಾ, ಯೆಜ್ಡಿಗಳು ಗುಜರಿಗೆ ಹೋದವು. ಈಗ ಅವುಗಳಿಗೂ ಇದೇ ಕತೆ: ಓಡದ ಗಾಡಿಗೆ ಹುಡುಕಿಕೊಂಡು ಬರುವ ಗಿರಾಕಿ, ಬಿಚ್ಚಿ ಮಾರುವ ವ್ಯಾಪಾರಿ, ಕಣ್ಣು ಕೋರೈಸುವ ಬಣ್ಣ ಬಳಿಸಿ ಇದು ಒರಿಜಿನಲ್ ಎಂದು ಮಾರುವವರು.

---
ಐವತ್ತು ದಾಟಿದ್ದರೆ ‘ವಿಎ’ ನಂಬರು

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಬೈಕು ಮತ್ತು ಕಾರುಗಳಿಗೆ ಇದು ಅನ್ವಯ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ರಾಜ್ಯದ ಸಂಕೇತದ ನಂತರ ‘ವಿಎ’ ಎಂದು ಬರುವ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿಯಂಥ ಕೆಲಸಕ್ಕೆ ರಸ್ತೆಗಿಳಿಸಬಹುದು. ಮಾರಿದರೆ 90 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು.

---

ಈ ನಿಯಮದ ‘ಮೂಲ ರೂಪ’ ಎಂಬ ಷರತ್ತನ್ನು ಗಮನಿಸಿ. ಇಮೋಲಾದ ಗಿರಾಕಿ ಹುಡುಕುವುದನ್ನೇ ನಮ್ಮ ಕಾನೂನೂ ಕೇಳುತ್ತಿದೆ. ಬೇರೆ ಗಾಡಿಯ ಎಂಜಿನ್ ಹಾಕಿಸಿದ ದಿನ ಆ ಬಾಗಿಲು ಮುಚ್ಚುತ್ತದೆ.

ನಿಮ್ಮ ಮನೆಯಲ್ಲಿ ಅಜ್ಜನದೋ, ಮಾವನದೋ ಹಳೆಯ ಗಾಡಿಯೊಂದು ಮೂಲೆ ಸೇರಿದ್ದರೆ ಹೀಗೆ ಮಾಡಿ. ಗುಜರಿಯವರನ್ನು ಕರೆಯುವ ಮೊದಲು ಅಟ್ಟದ ಮೇಲಿನ ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ. ಚಾಸಿ ನಂಬರನ್ನು ಬಟ್ಟೆಯಲ್ಲಿ ಒರೆಸಿ ಫೋಟೊ ತೆಗೆದುಕೊಳ್ಳಿ. ಸುತ್ತಮುತ್ತ ಡಬ್ಬಿಯಲ್ಲಿರುವ ಒಂದು ನಟ್ಟನ್ನೂ ಎಸೆಯಬೇಡಿ. ಸ್ಟಾರ್ಟ್ ಮಾಡಲು ಹೋಗಬೇಡಿ, ಬಣ್ಣ ಬಳಿಸಬೇಡಿ. ಏನು ಕೆಟ್ಟಿದೆ ಎಂದು ಕಾಗದದ ಮೇಲೆ ಬರೆದು, ಇಡಿಯಾಗಿ ಕೊಳ್ಳುವವರಿಗೇ ಕೊಡಿ. ಎರಡು ಕಾಸು ಕಡಿಮೆ ಬಂದರೂ ಬಿಡಿಬಿಡಿಯಾಗಿ ಮಾತ್ರ ಮಾರಬೇಡಿ.